ತೊಲೆ ಇಲ್ಲದ ಸೈಕಲ್ಲು

ಲಿಂಗಸುಗೂರಿನ ಬಸ್ ನಿಲ್ದಾಣದ ಹಿಂದೆ ಒಂದು ರಿಪೇರಿ ಅಂಗಡಿ ಇದೆ. ಹೋದ ತಿಂಗಳು ಒಂದು ಮದುವೆಗೆಂದು ಹೋದವನು ಮಸ್ಕಿಯ ಬಸ್ಸು ಕಾಯುತ್ತ ಅದರ ಮುಂದೆ ನಿಂತಿದ್ದೆ. ಒಳಗೆ ಯಾರೋ ಹಳೆಯ ಸೈಕಲ್ಲಿನ ಕುತ್ತಿಗೆಯನ್ನು ಬೆಂಕಿಗೆ ಹಿಡಿದಿದ್ದರು. ಮೊದಲು ಬಣ್ಣ ಸುಟ್ಟ ವಾಸನೆ ಬಂತು. ಅದರ ಬೆನ್ನಿಗೇ ಬೆಸುಗೆಗೆ ಹಾಕುವ ಬಿಳಿಗಾರ ಉಬ್ಬಿ ಕರಗುವ ತೆಳುವಾದ ವಾಸನೆ, ಆಮೇಲೆ ಕಾದ ಹಿತ್ತಾಳೆಯದು. ಬಸ್ಸು ಬಂದು ಹೋಯಿತು. ನಾನು ಹತ್ತಲಿಲ್ಲ.

ಆ ವಾಸನೆ ನನ್ನನ್ನು ಕರೆದುಕೊಂಡು ಹೋದದ್ದು ಮಸ್ಕಿಯ ಒಂದು ಮಳೆಗಾಲಕ್ಕೆ. ಖಾಸಿಂಸಾಬ್‌ನ ಅಂಗಡಿಯ ಹಸಿರು ಬಣ್ಣದ ಬೆಂಕಿ, ಅದರ ಮೇಲೆ ಬಗ್ಗಿದ ಅವನ ಗಡ್ಡ, ಪಕ್ಕದಲ್ಲಿ ತೆಂಗಿನಕಾಯಿ ಹಿಡಿದು ನಿಂತ ಅಮರಪ್ಪಗೌಡ, ಎಲ್ಲವೂ ಕಣ್ಣಿಗೆ ಕಟ್ಟಿತು. ಆದರೆ ಆ ದಿನ ನಾನು ಮಸ್ಕಿಯಲ್ಲಿ ಇರಲೇ ಇಲ್ಲ. ಶಾಲೆಯ ಕೆಲಸಕ್ಕೆ ಸಿಂಧನೂರಿಗೆ ಹೋಗಿದ್ದೆ. ನಾನು ಕಾಣದ ಬೆಂಕಿಯ ಬಣ್ಣ ನನಗೆ ಹೇಗೆ ಗೊತ್ತು? ಅವರಿವರು ಹೇಳಿದ್ದನ್ನು ನನ್ನ ಕಣ್ಣು ತನ್ನದೆಂದು ಇಟ್ಟುಕೊಂಡಿದೆ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಯಾವುದು ಕಂಡದ್ದು, ಯಾವುದು ಕೇಳಿದ್ದು ಎಂದು ಆದಷ್ಟು ಬೇರೆ ಮಾಡಿಕೊಂಡೇ ಮುಂದುವರಿಯುತ್ತೇನೆ. ಆ ಕಾಲದ ನನ್ನ ದಿನಚರಿ ಈಗಲೂ ಇದೆ. ಅದರಲ್ಲಿ ಆ ಮಳೆಗಾಲದ ಬಗ್ಗೆ ಇರುವುದು ಮಳೆ ಬಂತು, ಮಳೆ ನಿಂತಿತು ಎಂಬುದಷ್ಟೆ.

ಹೈದರಾಬಾದು ಸಂಸ್ಥಾನ ಹೋಗಿತ್ತು, ಹೈದರಾಬಾದು ರಾಜ್ಯ ಇನ್ನೂ ಒಡೆದಿರಲಿಲ್ಲ. ಸಿಂಧನೂರಿನ ಕಡೆ ಕಾಲುವೆ ಅಗೆಯುತ್ತಿದ್ದರು. ನೀರು ಜನರ ಮಾತಿನಲ್ಲಿ ಮಾತ್ರ ಹರಿಯುತ್ತಿತ್ತು. ಹೈದರಾಬಾದಿನಲ್ಲಿ ಪದವಿ ಮುಗಿಸಿದ್ದ ನಾನು ಮಸ್ಕಿಯ ಶಾಲೆಗೆ ಮಾಸ್ತರನಾಗಿ ಬಂದಿದ್ದೆ. ಉರ್ದುವಿನಲ್ಲಿ ಕಲಿತಿದ್ದನ್ನು ಕನ್ನಡದಲ್ಲಿ ಕಲಿಸುವ ಕೆಲಸ. ಸಂಜೆ ಮಾಡಲು ಬೇರೇನೂ ಇರಲಿಲ್ಲವಾದ್ದರಿಂದ ಖಾಸಿಂಸಾಬ್‌ನ ಸೈಕಲ್ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದೆ.

ಆ ಕಟ್ಟೆ ಸೈಕಲ್ಲಿನವರ ನ್ಯಾಯಸ್ಥಾನ. ಕಾಲುವೆಯ ಕೆಲಸ ಬಂದ ಮೇಲೆ ನಮ್ಮ ಕಡೆ ಸೈಕಲ್ಲುಗಳು ಒಮ್ಮೆಗೇ ಹೆಚ್ಚಿದ್ದವು. ದಪ್ಪ ಕೊಳವೆಯ ಹಳೆಯ ವಿಲಾಯತಿ ಸೈಕಲ್ಲುಗಳ ಜೊತೆಗೆ ತೆಳು ಕೊಳವೆಯ ಹೊಸ ಮಾದರಿಯವೂ ಬಂದಿದ್ದವು. ಯಾವುದು ಸೈಕಲ್ಲು, ಯಾವುದು ಆಟಿಕೆ ಎಂಬುದು ನಿತ್ಯದ ಚರ್ಚೆ. ಹಳೆಯದರ ಪರ ಅಮರಪ್ಪಗೌಡ. ಊರಿನ ಒಕ್ಕಲುತನದ ದೊಡ್ಡ ಮನೆಯವನು, ಹಣೆತುಂಬ ವಿಭೂತಿ, ಎತ್ತಿನ ವ್ಯಾಪಾರದಲ್ಲಿ ಕೈ ಪಳಗಿದವನು. ಹೊಸದರ ಪರ ಸುಬ್ಬಾರಾವು. ಕಾಲುವೆ ಕ್ಯಾಂಪಿನ ಓವರಸೀಯರು, ತೆಲುಗಿನವನು, ಸಂತೆಯ ದಿನ ತಪ್ಪದೆ ಬರುತ್ತಿದ್ದ. ಅವನ ಸೈಕಲ್ಲಿಗೆ ಕಡ್ಡಿ ಬ್ರೇಕಿನ ಬದಲು ತಂತಿ ಬ್ರೇಕು ಇತ್ತು. ಊರಿಗೆ ಅದೇ ಮೊದಲನೆಯದು.

"ಅದು ಸೈಕಲಾ ಗೌಡ್ರೆ? ರೋಡ್ ರೋಲರು! ನಂದು ಒಂದು ಕೈಯಾಗೆ ಎತ್ತುತೀನಿ. ನಿಮ್ದು ಎತ್ತಿ ನೋಡಿ, ಚೂಡಂಡಿ," ಎನ್ನುತ್ತಿದ್ದ ಸುಬ್ಬಾರಾವು.

"ನಾ ಯಾಕ ಎತ್ತಲಿ? ಅದು ನನ್ನ ಎತ್ತಬೇಕು. ನಾ ಅದನ್ನಲ್ಲ," ಎನ್ನುತ್ತಿದ್ದ ಅಮರಪ್ಪ.

"ಸ್ಟೀಲು ಅಂದ್ರೆ ಸ್ವಲ್ಪ ಬಳುಕಬೇಕು. ಕಲ್ಲಿನ ಪೆಟ್ಟು ಅದು ನುಂಗಬೇಕು, ನಿಮ್ಮ ಬೆನ್ನು ಅಲ್ಲ."

"ಬಳುಕೂದು ಬಿದಿರು. ಕಬ್ಬಿಣ ಬಳುಕಿದ್ರ ಅದು ರೋಗ. ಹೋರಿ ನೋಡೂ ಮುಂದ ಏನ್ ನೋಡತೀವಿ? ಹಲ್ಲು, ಗೊರಸು, ಸುಳಿ. ಇದಕ್ಕ ಹಲ್ಲಂದ್ರ ಚೈನು, ಗೊರಸಂದ್ರ ಟೈರು, ಸುಳಿ ಅಂದ್ರ ಈ ಬೆಸುಗಿ. ಸುಳಿ ಕೆಟ್ಟಿದ್ದನ್ನ ಮನಿಗೆ ತರಬಾರದು."

ಖಾಸಿಂಸಾಬ್ ಎರಡೂ ಕಡೆಗೆ ತಲೆ ಆಡಿಸುತ್ತಿದ್ದ. ಎರಡೂ ಅವನ ಬಳಿಗೇ ರಿಪೇರಿಗೆ ಬರುತ್ತಿದ್ದವು. ಒಮ್ಮೆ ಮಳೆ ಬಂದ ಮಾರನೆಯ ದಿನ ಅಮರಪ್ಪ ಹೊಲದಿಂದ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬಂದ. ನಮ್ಮ ಎರೆಮಣ್ಣು ಹಾಗೆಯೇ. ನೆನೆದರೆ ಗಾಲಿಗೂ ಮಡಗಾರ್ಡಿಗೂ ನಡುವೆ ಹಿಟ್ಟಿನ ಹಾಗೆ ತುಂಬಿ ಗಾಲಿ ತಿರುಗುವುದೇ ಇಲ್ಲ. ಅಂದು ಸಂತೆ. ಸುಬ್ಬಾರಾವು ಕಟ್ಟೆಯ ಮೇಲಿದ್ದ. "ಗೌಡ್ರೆ, ಯಾರನ್ನ ಯಾರು ಎತ್ತಿದ್ರು?" ಎಂದ. ಅಮರಪ್ಪ ಸೈಕಲ್ಲನ್ನು ಇಳಿಸದೆ ಹಾಗೇ ನಿಂತು ಬೈದ. ಎಲ್ಲರೂ ನಕ್ಕರು. ಅವನ ತಾಯಿ ಬಸಮ್ಮ ಅಂಗಡಿಯ ಪಕ್ಕದ ತಮ್ಮ ಮನೆಯ ಬಾಗಿಲಲ್ಲಿ ಕುಳಿತು ಎಲ್ಲರಿಗಿಂತ ಹೆಚ್ಚು ನಕ್ಕಳು.

ಎಸ್ತರಬಾಯಿ ಬಂದದ್ದು ಆ ಬೇಸಿಗೆಯ ಕೊನೆಗೆ. ಬಳ್ಳಾರಿ ಕಡೆಯವರು, ಮೂವತ್ತರ ಒಳಗಿನ ವಯಸ್ಸು, ಬಿಳಿ ಸೀರೆ, ಕಡಿಮೆ ಮಾತು. ಮಸ್ಕಿಗೆ ಬಂದ ಮೊದಲನೆಯ ಸರಕಾರಿ ನರ್ಸು ಅವರು. ಎಲ್ಲರಿಗೂ ನರ್ಸಬಾಯಿ. ಬಂದ ಕೆಲವೇ ದಿನಕ್ಕೆ ಅಮರಪ್ಪನ ಹೆಂಡತಿಯ ಹೆರಿಗೆ ಬಂತು. ಮೊದಲಿನ ಎರಡು ಹೆರಿಗೆಗಳಲ್ಲಿ ಕೂಸು ಉಳಿದಿರಲಿಲ್ಲ. ಈ ಸಲ ತಾಯಿಯೂ ಉಳಿದಳು, ಕೂಸೂ ಉಳಿಯಿತು. ಅಂದಿನಿಂದ ಅಮರಪ್ಪ ನರ್ಸಬಾಯಿಯ ಹೆಸರು ಬಂದರೆ ತಲೆಗೆ ಸುತ್ತಿದ ಪಟಗ ಸರಿಪಡಿಸಿಕೊಳ್ಳುತ್ತಿದ್ದ.

ಆದರೆ ಅವರು ಮಸ್ಕಿಯಲ್ಲಿ ಉಳಿಯುವುದು ಗಟ್ಟಿಯಾಗಿರಲಿಲ್ಲ. ಸುತ್ತಲ ಹಳ್ಳಿಗಳಿಗೆ ಹೋಗಿ ಬಸುರಿಯರನ್ನು ನೋಡಿ ಬರುವುದು ಅವರ ಕೆಲಸದ ಮುಖ್ಯ ಭಾಗ. ಮಳೆಗಾಲ ಮುಗಿಯುವವರೆಗೆ ಆ ತಿರುಗಾಟ ನಡೆದರೆ ನರ್ಸು ಮಸ್ಕಿಗೆ ಖಾಯಂ, ನಡೆಯದಿದ್ದರೆ ಲಿಂಗಸುಗೂರಿಗೆ ವಾಪಸು ಎಂದು ಮೇಲಿನವರು ಹೇಳಿ ಕಳಿಸಿದ್ದರು. ಅದಕ್ಕೆಂದೇ ಒಂದು ಸೈಕಲ್ಲನ್ನೂ ಕೊಟ್ಟಿದ್ದರು. ಹೆಂಗಸರ ಸೈಕಲ್ಲು. ನಾವು ಯಾರೂ ಅದುವರೆಗೆ ಅಂಥದನ್ನು ಕಂಡಿರಲಿಲ್ಲ.

ಅದು ಬಸ್ಸಿನ ಮೇಲಿನಿಂದ ಇಳಿದ ದಿನ ಕಟ್ಟೆ ಪೂರ್ತಿ ಎದ್ದು ನಿಂತಿತು. ತೆಳು ಕೊಳವೆ, ಹೊಳೆಯುವ ಬಣ್ಣ, ತಂತಿ ಬ್ರೇಕು. ಸೀಟಿನಿಂದ ಹ್ಯಾಂಡಲ್ಲಿಗೆ ಹೋಗಬೇಕಾದ ಮೇಲಿನ ದಂಡ ಮಾತ್ರ ಇರಲಿಲ್ಲ. ಎರಡು ಕೊಳವೆಗಳೂ ಕೆಳಗೆ ಬಾಗಿ ಪೆಡಲಿನ ಹತ್ತಿರ ಹೋಗಿ ಸೇರಿದ್ದವು.

"ಮ್ಯಾಲ ತೊಲಿನೇ ಇಲ್ಲಲ್ಲೋ!" ಎಂದ ಅಮರಪ್ಪ. "ಗ್ವಾಡಿ ಐತಿ, ತೊಲಿ ಇಲ್ಲ. ಇಂಥಾ ಮನ್ಯಾಗ ಯಾರು ಮಲಗತಾರ?"

"ಹೊಸ ಡಿಸೈನು," ಎಂದ ಸುಬ್ಬಾರಾವು. ಆದರೆ ಅವನೂ ಬಗ್ಗಿ ಎರಡು ಸಲ ನೋಡಿದ. "ಬಳುಕಬೇಕು ಅಂದೆ, ನಿಜ. ಇಷ್ಟು ಅಲ್ಲ."

ಆ ಕಟ್ಟೆಯಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದೇ ಎಂದು ನನ್ನ ನೆನಪು.

ಇಲ್ಲಿ ಒಂದು ರೂಢಿಯ ಬಗ್ಗೆ ಹೇಳಬೇಕು. ನರ್ಸಬಾಯಿ ಬೆಳಗ್ಗೆ ಕಟ್ಟೆಗೆ ಕಾಣುವಷ್ಟು ಹತ್ತಿರವಿದ್ದ ದವಾಖಾನೆಯಿಂದ ಸೈಕಲ್ಲು ಹೊರಗೆ ತಂದರೆ ಕಟ್ಟೆಯ ಮೇಲಿನ ಗಂಡಸರೆಲ್ಲ ಮುಖವನ್ನು ಗುಡ್ಡದ ಕಡೆ ತಿರುಗಿಸಿಬಿಡುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ಮೊದಲ ದಿನ ಅಮರಪ್ಪ ತಿರುಗಿದ, ಉಳಿದವರು ಅವನ ಹಿಂದೆ ತಿರುಗಿದರು. ಹೆಣ್ಣುಮಗಳು ಸೈಕಲ್ಲು ಏರುವುದನ್ನು ನಿಂತು ನೋಡುವುದು ಮರ್ಯಾದೆಯಲ್ಲ. ಏರಿ ಕೂತು, ಹತ್ತು ಮಾರು ಹೋದ ಮೇಲೆ ಅವರು ಗಂಟೆ ಬಾರಿಸುತ್ತಿದ್ದರು. ಆಗ ಎಲ್ಲರೂ ಇತ್ತ ತಿರುಗಿ "ಹೋಗಿ ಬರ್ರಿ ಬಾಯಾರ" ಎನ್ನುತ್ತಿದ್ದರು. ಶಾಲೆಗೆ ಹೊರಟವನು ಅಲ್ಲಿ ನಿಂತು ನಾನೂ ತಿರುಗುತ್ತಿದ್ದೆ. ಆ ಮಳೆಗಾಲದಲ್ಲಿ ಮಸ್ಕಿಯ ಗುಡ್ಡವನ್ನು ನೋಡಿದಷ್ಟು ನಾನು ಇನ್ನೆಂದೂ ನೋಡಿಲ್ಲ. ಅದರ ಪ್ರತಿ ಬಂಡೆಯೂ ಈಗಲೂ ನೆನಪಿದೆ. ಅವರು ಹೇಗೆ ಏರುತ್ತಿದ್ದರೆಂಬುದು ಮಾತ್ರ ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿರಲಿಲ್ಲ.

ಮುಂಗಾರಿನ ಮೊದಲ ಮಳೆಗಳು ಬಿದ್ದವು. ಹಳ್ಳಿಯ ದಾರಿಗಳಲ್ಲಿ ಕಲ್ಲು ಎದ್ದಿತು. ಹಿಂದೆ ಔಷಧಿಯ ಪೆಟ್ಟಿಗೆ ಕಟ್ಟಿದರೆ ಆ ಸೈಕಲ್ಲು ನಡುವಿನಲ್ಲಿ ಓಲಾಡುತ್ತಿತ್ತು. ಒಂದು ದಿನ ನರ್ಸಬಾಯಿ ಮೊಣಕೈ ತರಚಿಕೊಂಡು ಬಂದರು.

"ಏನಾತ್ರಿ ಬಾಯಾರ?" ಎಂದು ಖಾಸಿಂಸಾಬ್ ಗಾಬರಿಯಾಗಿ ಕೇಳಿದ.

"ಏನಿಲ್ಲ ಬಿಡ್ರಿ. ಇಳಕಲಿನಾಗ ಹಿಂದಿಂದು ಒಂದು ಕಡಿ, ಮುಂದಿಂದು ಒಂದು ಕಡಿ ಹೊಂಟಂಗ ಆತು. ತೂಗಾಡತೈತಿ ಇದು."

ಆ ಮಾತು ಅಮರಪ್ಪನ ನಿದ್ದೆ ಕೆಡಿಸಿತು. ಅದರ ಮೇಲೆ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಬಸಮ್ಮ ವರ್ಷಾವರ್ಷ ತನ್ನ ಕೈಯಿಂದಲೇ ಮಣ್ಣಿನ ಎತ್ತು ಮಾಡಿ ಪೂಜೆಗೆ ಇಡುವವಳು. ಮೊಮ್ಮಗನನ್ನು ಉಳಿಸಿಕೊಟ್ಟವರ ಮೇಲಿನ ಪ್ರೀತಿಗೆ ಆ ವರ್ಷ ಎತ್ತುಗಳ ಪಕ್ಕ ನರ್ಸಬಾಯಿಯ ಸೈಕಲ್ಲನ್ನೂ ಮಾಡಿದಳು. ಇದ್ದದ್ದು ಇದ್ದ ಹಾಗೆ, ಮೇಲಿನ ದಂಡ ಇಲ್ಲದೆ. ಸಂಜೆ ಇಟ್ಟ ಮಣ್ಣಿನ ಸೈಕಲ್ಲು ಬೆಳಗಾಗುವಷ್ಟರಲ್ಲಿ ನಡು ಕುಸಿದು ಕುಳಿತಿತ್ತು. ಬಸಮ್ಮ ಮತ್ತೆ ಎತ್ತಿ ನಿಲ್ಲಿಸಿ, ಸೀಟಿನಿಂದ ಹ್ಯಾಂಡಲ್ಲಿಗೆ ಒಂದು ಜೋಳದ ದಂಟಿನ ತುಂಡು ಚುಚ್ಚಿದಳು. ಅದು ನಿಂತಿತು, ಒಣಗಿತು, ಗಟ್ಟಿಯಾಯಿತು.

ಅಮರಪ್ಪ ಆ ಮಣ್ಣಿನ ಸೈಕಲ್ಲನ್ನು ಹಲಗೆಯ ಮೇಲಿಟ್ಟುಕೊಂಡು ಕಟ್ಟೆಗೆ ತಂದ. ಇದು ನಾನು ಕಣ್ಣಾರೆ ಕಂಡದ್ದು.

"ನೋಡ್ರಿ ಓವರಸೀಯರ ಸಾಹೇಬ್ರ. ನಮ್ಮವ್ವ ಸಾಲಿಗಿ ಹೋಗಿಲ್ಲ. ತೊಲಿ ಇಲ್ಲದ್ದು ಕುಂತು, ತೊಲಿ ಇದ್ದದ್ದು ನಿಂತು. ಇನ್ನೇನ್ ಮಾತು?"

ಸುಬ್ಬಾರಾವು ಆ ಮಣ್ಣಿನ ಸೈಕಲ್ಲನ್ನು ಎಲ್ಲ ಕಡೆಯಿಂದ ನೋಡಿದ. "ಮಣ್ಣು ಬೇರೆ, ಸ್ಟೀಲು ಬೇರೆ. ಆದ್ರೂ ಮುಕ್ಕೋಣ ಇದ್ರೆ ಬಲ, ಅದು ಸತ್ಯ," ಎಂದ. ಖಾಸಿಂಸಾಬ್ ದವಾಖಾನೆಗೆ ಹೋಗಿ ನರ್ಸಬಾಯಿಯ ಸೈಕಲ್ಲನ್ನು ಪರೀಕ್ಷಿಸಿ ಬಂದ. ಸೀಟಿನ ಕೆಳಗಿನ ಕೊಳವೆಯಲ್ಲಿ ಕೂದಲಿನಂಥ ಬಿರುಕು ಇತ್ತು. ಅದು ಬಣ್ಣದ ಬಿರುಕೋ ಕಬ್ಬಿಣದ್ದೋ ಅವನಿಗೆ ತಿಳಿಯಲಿಲ್ಲ. "ಬಾಯಾರ, ಸೈಕಲ್ಲು ನನ್ನ ಜಿಮ್ಮಾ ಬಿಟ್ಟು ಹೋಗ್ರಿ, ಮಜಬೂತ್ ಮಾಡಿ ಇಟ್ಟಿರತೀನಿ," ಎಂದ. ಔಷಧಿ ತರಲು ಲಿಂಗಸುಗೂರಿಗೆ ಹೊರಟಿದ್ದ ನರ್ಸಬಾಯಿ "ಏನ್ ಬೇಕೋ ಮಾಡ್ರಿ, ನಿಮಗ ತಿಳಿದಂಗ" ಎಂದು ನಂಬಿ ಬಿಟ್ಟುಹೋದರು.

ನಾನು ಸಿಂಧನೂರಿನಿಂದ ಹಿಂದಿರುಗಿದಾಗ ಕೆಲಸ ಮುಗಿದಿತ್ತು. ಹಳೆಯ ವಿಲಾಯತಿ ಸೈಕಲ್ಲೊಂದರ ಮೇಲಿನ ದಂಡವನ್ನು ಕೊಯ್ದು, ಹಿತ್ತಾಳೆಯಿಂದ ಬೆಸೆದು, ಅರ ಹಾಕಿ ಉಜ್ಜಿ, ಕಪ್ಪು ಬಣ್ಣ ಬಳಿದಿದ್ದರು. ಬೆಸುಗೆ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ನಯ. ದಂಡವನ್ನು ಅಮರಪ್ಪ ತನ್ನ ಸೈಕಲ್ಲಿನಿಂದಲೇ ಕೊಟ್ಟಿದ್ದ. ಹೌದು, ಹೆಮ್ಮೆಯ ಆ ಹಳೆಯ ಸೈಕಲ್ಲಿನಿಂದ. ಅದರ ಉಳಿದ ಭಾಗ ಅಂಗಡಿಯ ಗೋಡೆಗೆ ಒರಗಿ ನಿಂತಿತ್ತು.

ನರ್ಸಬಾಯಿ ಬಸ್ಸಿನಿಂದ ಇಳಿದು ಬಂದರು. ಹೊಸ ದಂಡಕ್ಕೆ ವಿಭೂತಿ ಎಳೆದು, ಹೂವಿನ ಸರ ಸುತ್ತಿದ್ದರು. ಅಮರಪ್ಪ ತೆಂಗಿನಕಾಯಿ ಒಡೆದ. "ಬಾಯಾರ, ಇನ್ನ ಆನಿ ಕುಂತ್ರೂ ಬಳುಕಂಗಿಲ್ಲ. ಹತ್ರಿ ಒಮ್ಮೆ," ಎಂದ.

ನರ್ಸಬಾಯಿ ಹ್ಯಾಂಡಲ್ಲು ಹಿಡಿದರು. ನಾವೆಲ್ಲ ಗುಡ್ಡದ ಕಡೆ ತಿರುಗಿದೆವು. ಗಂಟೆ ಕೇಳಲಿಲ್ಲ. ಗುಡ್ಡದ ಮೇಲೆ ಒಂದು ಮೋಡದ ನೆರಳು ಈ ಕಡೆಯಿಂದ ಆ ಕಡೆಗೆ ಹೋಯಿತು. ಆಗಲೂ ಕೇಳಲಿಲ್ಲ.

"ಹತ್ತಿದ್ರೇನ್ರಿ ಬಾಯಾರ?" ಎಂದು ಅಮರಪ್ಪ ಗುಡ್ಡಕ್ಕೇ ಕೇಳಿದ.

"ಇಲ್ರಿ ಗೌಡ್ರ," ಎಂದು ಹಿಂದಿನಿಂದ ಮೆಲ್ಲಗೆ ದನಿ ಬಂತು. "ನಾ ಸೀರಿ ಉಟ್ಟೀನಿ."

ಮೊದಲು ತಿರುಗಿದವನು ಖಾಸಿಂಸಾಬ್. ಅವನು ದಂಡ ನೋಡಿದ, ಸೀರೆ ನೋಡಿದ, ಮತ್ತೆ ದಂಡ ನೋಡಿದ. "ಯಾ ಖುದಾ," ಎಂದು ಕಟ್ಟೆಯ ಮೇಲೆ ಕುಳಿತುಬಿಟ್ಟ. ಸುಬ್ಬಾರಾವು ತಿರುಗಿ, ಬಗ್ಗಿ ಬೆಸುಗೆಯನ್ನು ಮುಟ್ಟಿ ನೋಡಿದ. ಅಮರಪ್ಪ ಮಾತ್ರ ಬಹಳ ಹೊತ್ತು ತಿರುಗಲಿಲ್ಲ. ವಾರಗಟ್ಟಲೆ ಆ ಸೈಕಲ್ಲಿನ ಒಂದೊಂದು ಬೆಸುಗೆಯ ಜಾತಕವನ್ನೂ ಚರ್ಚೆ ಮಾಡಿದವರು ಅವರು. ಆ ದಂಡ ಯಾಕೆ ಇಲ್ಲವೆಂದು ತಿಳಿಯಲು ಒಂದು ಸಲ, ಒಂದೇ ಸಲ, ತಿರುಗಿ ನೋಡಿದ್ದರೆ ಸಾಕಿತ್ತು.

ನರ್ಸಬಾಯಿ ಸಿಟ್ಟು ಮಾಡಲಿಲ್ಲ. ಅದೇ ಕಷ್ಟವಾಗಿತ್ತು. ಮಾರನೆಯ ದಿನ ದವಾಖಾನೆಯ ಮುಂದೆ ಸಿಕ್ಕಾಗ ನನ್ನೊಡನೆ ಹೇಳಿದರು: "ಏನಂತ ಬೈಲಿ ಮಾಸ್ತರ? ತನ್ನ ಸೈಕಲ್ಲಿನ ಬೆನ್ನೆಲುಬು ಕಿತ್ತು ಕೊಟ್ಟಾನ ಆ ಮನಷ್ಯ. ಕಾಯಿ ಒಡದಾರ."

ತೆಗೆದುಬಿಡೋಣ ಎಂದು ಎಲ್ಲರಿಗೂ ಅನ್ನಿಸಿತು. ಮುಂದಿನ ಸಂತೆಗೆ ಸುಬ್ಬಾರಾವು ಬಂದಾಗ ಸೈಕಲ್ಲನ್ನು ತಲೆಕೆಳಗು ಮಾಡಿ ನೋಡಿದರು. ಬಿರುಕು ನಿಜವಾದದ್ದೇ ಆಗಿತ್ತು. ಬೆಂಕಿ ಹಿಡಿದಾಗ ಅದು ಬಾಯಿ ಬಿಟ್ಟು ಕೊಳವೆಯ ಸುತ್ತ ಹಬ್ಬಿತ್ತು.

"ತೆಳು ಟ್ಯೂಬು. ಕೆಂಪಗೆ ಕಾಯಿಸಿದ್ದೀರಿ, ಪ್ರಾಣ ಹೋಗಿದೆ. ಈಗ ಈ ದಂಡವೇ ಸೈಕಲ್ಲನ್ನ ಹಿಡಕೊಂಡಿದೆ. ಕೊಯ್ದರೆ ಎರಡು ತುಂಡು," ಎಂದ ಸುಬ್ಬಾರಾವು.

"ಮತ್ತ ಆ ಬಿರುಕಿಗೆ ಹಿತ್ತಾಳಿ ಹಾಕೂಣು," ಎಂದ ಅಮರಪ್ಪ.

"ಮತ್ತ ಕಾಸಬೇಕಲ್ಲರಿ ಗೌಡ್ರ. ಕಾಸಿದ್ರ ಇನ್ನೊಂದು ಕಡಿ ಬಿಡತೈತಿ," ಎಂದ ಖಾಸಿಂಸಾಬ್. "ಕೊಯ್ದ್ರೂ ಹೋತು, ಬಿಟ್ಟ್ರೂ ಹೋತು. ನನ್ನ ಕೈಯಾಗ ಇಲ್ಲ." ಆ ಮಾತು ಅವನ ಬಾಯಲ್ಲಿ ನಾನು ಮೊದಲ ಸಲ ಕೇಳಿದೆ. ಅವನ ಕೈಯಲ್ಲಿ ಆಗದ ಸೈಕಲ್ಲು ಇಲ್ಲವೆಂದು ನಾವೆಲ್ಲ ನಂಬಿದ್ದೆವು. ನಾನು ಅಲ್ಲಿ ಏನು ಹೇಳಿದೆ? ಏನಾದರೂ ಹೇಳಿದ್ದೆನೆಂದು ಬರೆಯುವ ಆಸೆ ಇದೆ. ಹೇಳಿದ ನೆನಪಿಲ್ಲ.

ಮೇಲಿನವರನ್ನು ಬೇರೆ ಸೈಕಲ್ಲು ಕೇಳಿದ್ದಕ್ಕೆ ಸದ್ಯಕ್ಕಿಲ್ಲ ಎಂಬ ಉತ್ತರ ಬಂತು. ಬಸಮ್ಮ ತನ್ನ ಉಪಾಯ ಹೇಳಿದಳು: "ಯವ್ವಾ, ನಮ್ಮಂಗ ಕಚ್ಚಿ ಹಾಕಿ ಉಡು. ನಾ ಸಣ್ಣಾಕಿದ್ದಾಗ ಕೋಣನ ಮ್ಯಾಲ ಕುಂತು ಹಳ್ಳ ದಾಟೀನಿ. ಇದೇನ್ ದೊಡ್ಡದು?" ನರ್ಸಬಾಯಿ ಅದನ್ನೂ ಮಾಡಿ ನೋಡಿದರಂತೆ. ಬಸಮ್ಮನ ಹಿತ್ತಲಲ್ಲಿ ಕಚ್ಚೆ ಹಾಕಿ, ಒರಳುಕಲ್ಲಿನ ಮೇಲೆ ನಿಂತು ಏರಿದರಂತೆ. ಏರಲು ಬಂತು. ಆದರೆ ನಮ್ಮ ಎರೆಹೊಲದ ದಾರಿಯಲ್ಲಿ ಮಣ್ಣು ತುಂಬಿ ಗಾಲಿ ನಿಂತಾಗಲೆಲ್ಲ ಇಳಿಯಬೇಕು, ಕಡ್ಡಿಯಿಂದ ಕೆರೆದು ಮತ್ತೆ ಏರಬೇಕು. ಅಲ್ಲಿ ಒರಳುಕಲ್ಲು ಎಲ್ಲಿಂದ ಬರಬೇಕು?

"ಅದೂ ಇರಲಿ ಮಾಸ್ತರ," ಎಂದರು ನರ್ಸಬಾಯಿ. "ಮುಖ ತಿರಗಸೋರು ಮಸ್ಕ್ಯಾಗ ಅದಾರ. ಎಲ್ಲಾ ಊರಾಗ ಇರಂಗಿಲ್ಲ."

ಆಮೇಲೆ ಅವರು ನಡೆದೇ ಹೋಗತೊಡಗಿದರು. ಸೈಕಲ್ಲನ್ನು ತಳ್ಳಿಕೊಂಡು, ಔಷಧಿಯ ಚೀಲವನ್ನು ಆ ದಂಡಕ್ಕೇ ನೇತುಹಾಕಿಕೊಂಡು. ಅಮರಪ್ಪ ಕೆಲವು ದಿನ ಬಂಡಿ ಕಟ್ಟಿಸಿದ. ಅಷ್ಟರಲ್ಲಿ ಬಿತ್ತನೆಯ ಕಾಲ ಬಂತು. ಹದ ತಪ್ಪಿದರೆ ವರ್ಷ ತಪ್ಪಿತು, ಎತ್ತುಗಳು ಹೊಲದಲ್ಲಿ ಬೇಕು. ಅವನು ಎರಡು ಕಡೆಗೂ ಸಿಕ್ಕಿ ಒದ್ದಾಡಿದ. ಮಳೆ ಹಿಡಿಯಿತು. ದೂರದ ಹಳ್ಳಿಗಳು ಒಂದೊಂದಾಗಿ ಬಿಟ್ಟುಹೋದವು. ಹತ್ತಿರದವು ಮಾತ್ರ ಉಳಿದವು, ಕೊನೆಗೆ ಮಸ್ಕಿಯೊಂದೇ. ಕಟ್ಟೆಯ ಮೇಲೆ ಫ್ರೇಮಿನ ಮಾತು ನಿಂತುಹೋಗಿತ್ತು. ಸುಬ್ಬಾರಾವು ಬಂದರೂ ಬೀಡಿ ಸೇದಿ ಸುಮ್ಮನೆ ಹೋಗುತ್ತಿದ್ದ. ಅಮರಪ್ಪ ಹೊಲಕ್ಕೆ ನಡೆದು ಹೋಗುತ್ತಿದ್ದ. ತೊಲೆ ಇಲ್ಲದ ಅವನ ಸೈಕಲ್ಲು ಅಂಗಡಿಯ ಗೋಡೆಗೆ ಒರಗಿಯೇ ಇತ್ತು. ಅದಕ್ಕೆ ಬೇರೆ ದಂಡ ಹಾಕುತ್ತೇನೆಂದು ಖಾಸಿಂಸಾಬ್ ಹಲವು ಸಲ ಹೇಳಿದ. "ಇರಲಿ ಬಿಡೋ," ಎನ್ನುತ್ತಿದ್ದ ಅಮರಪ್ಪ.

ಮಹಾನವಮಿ ಕಳೆದ ಮೇಲೆ ಹುಕುಂ ಬಂತು. ನರ್ಸು ಲಿಂಗಸುಗೂರಿಗೆ, ಸರಕಾರಿ ಸಾಮಾನಿನ ಸಮೇತ. ಬದಲಿಗೆ ಯಾರೂ ಇಲ್ಲ.

ಹೊರಡುವ ದಿನ ಹಳ್ಳಕ್ಕೆ ನೀರು ಬಂದಿತ್ತು. ಬಸ್ಸು ಈಚೆಗೆ ಬರಲಾರದೆ ಆಚೆ ದಡದಲ್ಲೇ ನಿಂತಿತ್ತು. ಬಂಡಿ ಕಟ್ಟುತ್ತೇನೆಂದ ಅಮರಪ್ಪನಿಗೆ ನರ್ಸಬಾಯಿ ಬೇಡವೆಂದರು. ನಡುಮಟ್ಟದ ನೀರಷ್ಟೇ, ಜನ ದಾಟುತ್ತಿದ್ದಾರೆ, ಸಾಮಾನೂ ಕಡಿಮೆ. ಬಸಮ್ಮ ದವಾಖಾನೆಯ ಬಾಗಿಲಿನವರೆಗೆ ಬಂದು ಉಡಿ ತುಂಬಿದಳು. ಕೂಸನ್ನು ಎತ್ತಿಕೊಂಡು ಬಂದಿದ್ದ ಅಮರಪ್ಪನ ಹೆಂಡತಿ ಅದರ ಹಣೆಯನ್ನು ಅವರ ಕೈಗೆ ಮುಟ್ಟಿಸಿದಳು. ನರ್ಸಬಾಯಿ ಟ್ರಂಕನ್ನು ಸೈಕಲ್ಲಿನ ಹಿಂದೆ ಕಟ್ಟಿದ್ದರು, ಚೀಲವನ್ನು ಆ ದಂಡಕ್ಕೆ ಹಾಕಿದ್ದರು. ನಿಜಕ್ಕೂ ಅದು ಬಳುಕಲಿಲ್ಲ. ಅಷ್ಟು ಭಾರವನ್ನು ಎಳ್ಳಷ್ಟೂ ಅಲುಗದೆ ಹೊತ್ತಿತ್ತು.

ಕಟ್ಟೆಯ ಎದುರು ಬಂದು ನಿಂತರು. ಸಂತೆಯ ದಿನವಲ್ಲದಿದ್ದರೂ ಸುಬ್ಬಾರಾವು ಕ್ಯಾಂಪಿನಿಂದ ಬಂದಿದ್ದ.

"ಬರತೀನ್ರಿ," ಎಂದರು ನರ್ಸಬಾಯಿ. ಹ್ಯಾಂಡಲ್ಲಿನ ಮೇಲೆ ಎರಡೂ ಕೈ ಇಟ್ಟರು.

ಅಮರಪ್ಪ ಗುಡ್ಡದ ಕಡೆ ತಿರುಗಿದ. ರೂಢಿಯೋ, ಕಣ್ಣೀರು ಕಾಣಬಾರದೆಂದೋ, ನಾನು ಹೇಳಲಾರೆ. ಅವನ ಹಿಂದೆ ಖಾಸಿಂಸಾಬ್ ತಿರುಗಿದ, ಸುಬ್ಬಾರಾವು ತಿರುಗಿದ, ನಾನೂ ತಿರುಗಿದೆ. ಆದ್ದರಿಂದ ಅವರು ಹೋದದ್ದನ್ನು ನಾನು ಕಂಡಿಲ್ಲ. ಗಾಲಿಗಳು ಗರಸಿನ ಮೇಲೆ ಉರುಳಿದ ಸದ್ದು ಕೇಳಿತು. ಅದು ಇಳಿಜಾರಿಗೆ ಹೋಗಿ ಹಳ್ಳದ ಸದ್ದಿನಲ್ಲಿ ಸೇರಿತು. ಮುಂದೆ ಎಷ್ಟೋ ಹೊತ್ತಿನ ಮೇಲೆ ಆಚೆ ದಡದಲ್ಲಿ ಬಸ್ಸು ಹೊರಟ ಸದ್ದೂ ಕೇಳಿತು. ಖಾಸಿಂಸಾಬ್ ಇತ್ತ ತಿರುಗಲು ಹೋದ.

ಅಮರಪ್ಪ ಗುಡ್ಡ ನೋಡುತ್ತಲೇ ಅವನ ತೋಳು ಹಿಡಿದ.

"ತಡಿಯಲೇ," ಎಂದ. "ಇನ್ನಾ ಗಂಟಿ ಆಗಿಲ್ಲ."